ನೋವಿಗೆ ಕೊನೆಯ ಸರದಿಯೇಕೆ?
ಕ್ಯಾನ್ಸರ್ ರೋಗಿಗೆ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆ ಎಂದ ಕೂಡಲೇ ‘ಡಾಕ್ಟರು ಕೈಚೆಲ್ಲಿದರು’ ಎಂದೇ ಮನೆಮಂದಿ ತಿಳಿಯುತ್ತಾರೆ. ತಪ್ಪು ಅವರದಷ್ಟೇ ಅಲ್ಲ. ಕೀಮೋ, ರೇಡಿಯೇಷನ್ ಎಲ್ಲ ಮುಗಿದ ಮೇಲೆ ಉಪಶಮನ ವಿಭಾಗಕ್ಕೆ ಚೀಟಿ ಬರೆಯುವ ಆಸ್ಪತ್ರೆಗಳದೂ ಹೌದು. ಅಮೆರಿಕದ ಬಾಸ್ಟನ್ನಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಬೇರೆಡೆಗೆ ಹರಡಿದ್ದ 151 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಮಾಮೂಲು ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಈ ಆರೈಕೆ ಪಡೆದವರು 11.6 ತಿಂಗಳು ಬದುಕಿದರು, ಉಳಿದವರು 8.9, ಇದು ಮಧ್ಯಕದ ಲೆಕ್ಕ. ಖಿನ್ನತೆಯೂ ಕಡಿಮೆಯಿತ್ತು. ಆಯುಸ್ಸಿನ ಮಾತಿಗೆ ಆಮೇಲಿನ ಅಧ್ಯಯನಗಳೆಲ್ಲ ಸಾಕ್ಷಿ ನುಡಿದಿಲ್ಲ, ನಿಜ. ಆದರೆ ಬಾಯಿಹುಣ್ಣಿನಿಂದ ಗಂಜಿಯೂ ಇಳಿಯದವರಿಗೆ, ನಡುರಾತ್ರಿ ನೋವಿಗೆ ಎದ್ದು ಕೂರುವವರಿಗೆ ಆಯುಸ್ಸಿಗಿಂತ ಮೊದಲು ಬೇಕಾದದ್ದು ಒಂದು ತುತ್ತು, ಒಂದು ನಿದ್ದೆ. ಆ ನೋವಿಗೆ ಕೊಡುವ ಮಾರ್ಫಿನ್‌ನ ಚಟ ಹತ್ತದೇ ಎಂಬ ಅಂಜಿಕೆ ಹಳೆಯದು. ವೈದ್ಯರ ನಿಗಾದಲ್ಲಿ, ನೋವಿನ ಅಳತೆಗೆ ತಕ್ಕಂತೆ ನಾಲ್ಕು ಗಂಟೆಗೊಮ್ಮೆ ನುಂಗುವ ಮಾತ್ರೆಯಿಂದ ಚಟ ಹತ್ತುವುದು ಅಪರೂಪ. ಹೆಚ್ಚಾಗಿ ಕಾಡುವುದು ಮಲಬದ್ಧತೆ, ಅದಕ್ಕೂ ಮದ್ದಿದೆ. ಮಾರ್ಫಿನ್ ಸಿಗದಂತೆ ಮಾಡಿದ್ದು ನಮ್ಮ 1985ರ ಮಾದಕವಸ್ತು ಕಾಯ್ದೆಯ ಬಿಗಿ. 2014ರ ತಿದ್ದುಪಡಿ ಅದನ್ನು ಸಡಿಲಿಸಿತು, ನಮ್ಮ ಅಂಜಿಕೆಯನ್ನಲ್ಲ. ಇದೆಲ್ಲ ಉಳ್ಳವರ ಸೌಕರ್ಯ ಎನ್ನುವವರೂ ಇದ್ದಾರೆ. ಆದರೆ ಬೆಂಗಳೂರಿನ ಕರುಣಾಶ್ರಯ ಸಂಸ್ಥೆ ಇದೇ ಆರೈಕೆಯನ್ನು ರೋಗಿಗಳಿಂದ ಕಾಸು ಪಡೆಯದೆ ಕೊಡುತ್ತಿದೆ. ನಿಮ್ಮವರಿಗೆ ಕ್ಯಾನ್ಸರ್ ಎಂದು ತಿಳಿದ ವಾರವೇ, ಕೀಮೋ ಯಾವಾಗ ಎಂದು ಕೇಳುವಾಗಲೇ, ನೋವಿಗೆ ಯಾರನ್ನು ಕಾಣಬೇಕೆಂದೂ ಕೇಳಿಬಿಡಿ.