ಗುಟ್ಟಲ್ಲದ ಹದಿನಾರು ಅಂಕಿ

ಪರೀಕ್ಷೆಯ ಶುಲ್ಕ ಕಟ್ಟಲು ನಾಳೆಯೇ ಕಡೆಯ ದಿನ. ಹಾಸ್ಟೆಲಿನಿಂದ ಮಗಳ ಫೋನು: “ಅಪ್ಪಾ, ನಿಮ್ಮ ಕ್ರೆಡಿಟ್ ಕಾರ್ಡಿನ ಫೋಟೋ ಕಳಿಸಿ. ಹಿಂದೆ ಮುಂದೆ ಎರಡೂ ಬೇಕು.” ಅಪ್ಪ ಕಳಿಸುತ್ತಾರೆ. ಮಗಳು ಅದನ್ನು ಸೈಬರ್ ಸೆಂಟರಿನವನಿಗೆ ದಾಟಿಸುತ್ತಾಳೆ. ಶುಲ್ಕ ಕಟ್ಟಿದ್ದಾಯಿತು, ರಸೀದಿಯೂ ಬಂತು. ಆ ಫೋಟೋ ಮಾತ್ರ ಮೂರು ಮೊಬೈಲುಗಳಲ್ಲಿ, ಬಹುಶಃ ಒಂದು ಕಂಪ್ಯೂಟರಿನಲ್ಲೂ, ಹಾಗೆಯೇ ಉಳಿಯಿತು.

ಎರಡು ತಿಂಗಳ ನಂತರ ಒಂದು ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಅಪ್ಪನ ಮೊಬೈಲಿಗೆ ಬ್ಯಾಂಕಿನ ಸಂದೇಶ ಬರುತ್ತದೆ ಎಂದಿಟ್ಟುಕೊಳ್ಳಿ. ಮೊದಲು ಒಂದು ಡಾಲರಿನ ಖರ್ಚು. ಐದು ನಿಮಿಷ ಬಿಟ್ಟು ನಾನೂರು ಡಾಲರಿನ ಖರ್ಚು. ಯಾವುದೋ ದೇಶದ ಯಾವುದೋ ಅಂಗಡಿ. ಒಟಿಪಿ ಬರಲೇ ಇಲ್ಲ. ಕಾರ್ಡು ನೋಡಿದರೆ ಜೇಬಿನಲ್ಲೇ ಇದೆ!

ಮನೆಯಲ್ಲಿ ಆಗ ಏಳುವ ಪ್ರಶ್ನೆ ಎರಡು. ಹೀಗಾಗಲು ಹೇಗೆ ಸಾಧ್ಯ? ಹಣ ವಾಪಸು ಬರುತ್ತದೆಯೆ? ಮೊದಲನೆಯದಕ್ಕೆ ಉತ್ತರ ಗಣಿತದಲ್ಲಿದೆ, ಎರಡನೆಯದಕ್ಕೆ ಕ್ಯಾಲೆಂಡರಿನಲ್ಲಿದೆ.

ಕಾರ್ಡಿನ ಮೇಲಿನ ಹದಿನಾರು ಅಂಕಿಗಳನ್ನು ಯಾರೂ ಕಣ್ಣು ಮುಚ್ಚಿಕೊಂಡು ಆರಿಸಿದ್ದಲ್ಲ. ವೀಸಾ ಕಾರ್ಡುಗಳು 4ರಿಂದ ಶುರುವಾಗುತ್ತವೆ. ಮಾಸ್ಟರ್‌ಕಾರ್ಡುಗಳಲ್ಲಿ ಹೆಚ್ಚಿನವು 5ರಿಂದ, ರೂಪೇ ಕಾರ್ಡುಗಳಲ್ಲಿ ಹಲವು 6ರಿಂದ. ಮೊದಲ ಆರು ಅಥವಾ ಎಂಟು ಅಂಕಿಗಳು ಯಾವ ಬ್ಯಾಂಕಿನ ಯಾವ ಬಗೆಯ ಕಾರ್ಡು ಎಂಬುದನ್ನು ಹೇಳುತ್ತವೆ. ಆಮೇಲಿನವು ಖಾತೆದಾರನಿಗೆ ಸೇರಿದವು. ಕಟ್ಟಕಡೆಯ ಒಂದು ಅಂಕಿ ಮಾತ್ರ ಯಾರಿಗೂ ಸೇರಿದ್ದಲ್ಲ. ಅದು ಉಳಿದ ಹದಿನೈದರ ಕಾವಲುಗಾರ.

ಈ ಕಾವಲುಗಾರನನ್ನು ನೇಮಿಸಿದವರು ಹ್ಯಾನ್ಸ್ ಪೀಟರ್ ಲುನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಎಂಜಿನಿಯರು ಮೊದಲು ಜವಳಿ ವ್ಯವಹಾರದಲ್ಲಿದ್ದು, ಬಟ್ಟೆಯ ಎಳೆಗಳನ್ನು ಎಣಿಸುವ ಸಾಧನವೊಂದನ್ನು ರೂಪಿಸಿದ್ದರು. ಆಮೇಲೆ ಐಬಿಎಂ ಸೇರಿದರು. ಸಂಖ್ಯೆಗಳನ್ನು ಬರೆದುಕೊಳ್ಳುವಾಗ ಆಗುವ ತಪ್ಪನ್ನು ಹಿಡಿಯುವ ಪುಟ್ಟ ಕೈಯಂತ್ರಕ್ಕಾಗಿ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1960ರಲ್ಲಿ ಅದು ಸಿಕ್ಕಿತು. ಅದರ ಲೆಕ್ಕ ಪ್ರೌಢಶಾಲೆಯ ಹುಡುಗರಿಗೂ ಸಲೀಸು. ಬಲಗಡೆಯಿಂದ ಹೊರಡಿ. ಮೊದಲ ಅಂಕಿಯನ್ನು ಹಾಗೇ ಬಿಡಿ, ಎರಡನೆಯದನ್ನು ಇಮ್ಮಡಿ ಮಾಡಿ, ಮೂರನೆಯದನ್ನು ಬಿಡಿ, ನಾಲ್ಕನೆಯದನ್ನು ಇಮ್ಮಡಿ ಮಾಡಿ. ಇಮ್ಮಡಿ ಮಾಡಿದಾಗ 9 ದಾಟಿದರೆ ಬಂದ ಎರಡು ಅಂಕಿಗಳನ್ನು ಕೂಡಿ. 7 ಇದ್ದರೆ 14, ಅಂದರೆ 1 ಮತ್ತು 4 ಸೇರಿ 5. ಕೊನೆಗೆ ಎಲ್ಲವನ್ನೂ ಒಟ್ಟು ಮಾಡಿ. ಮೊತ್ತ ಹತ್ತರಿಂದ ಭಾಗವಾದರೆ ಸಂಖ್ಯೆ ಸರಿ.

ಸಾಫ್ಟ್‌ವೇರ್ ತಯಾರಿಸುವವರು ಪರೀಕ್ಷೆಗೆಂದೇ ಬಳಸುವ ಒಂದು ಸಂಖ್ಯೆಯಿದೆ: 4ರ ಮುಂದೆ ಹದಿನೈದು 1ಗಳು. ಇಮ್ಮಡಿಯಾಗುವ ಸ್ಥಾನಗಳಲ್ಲಿ ಒಂದು 4, ಏಳು 1. ಅಲ್ಲಿಗೆ 8 ಮತ್ತು 14, ಒಟ್ಟು 22. ಹಾಗೇ ಉಳಿಯುವ ಎಂಟು 1ಗಳನ್ನು ಸೇರಿಸಿದರೆ 30. ಸರಿಹೋಯಿತು. ಇದರಲ್ಲಿ ಯಾವುದಾದರೂ ಒಂದು ಅಂಕಿಯನ್ನು ಬದಲಿಸಿ ನೋಡಿ, ಲೆಕ್ಕ ಕೆಡುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಸಿಕ್ಕಿಬೀಳುತ್ತವೆ. 09 ಮತ್ತು 90ರ ಅದಲುಬದಲೊಂದು ಮಾತ್ರ ತಪ್ಪಿಸಿಕೊಳ್ಳುತ್ತದೆ. ವಿದ್ಯಾರ್ಥಿಗಳು ಈ ಪ್ರಯೋಗಕ್ಕೆ ಅಪ್ಪನ ಕಾರ್ಡನ್ನು ಮುಟ್ಟುವುದು ಬೇಡ. ಮೊಬೈಲಿನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಐಎಂಇಐ ಎಂಬ ಹದಿನೈದು ಅಂಕಿಯ ಸಂಖ್ಯೆ ಕಾಣುತ್ತದೆ. ಅದಕ್ಕೂ ಇದೇ ಲೆಕ್ಕ.

ಇಲ್ಲೊಂದು ಮಾತನ್ನು ಗಮನಿಸಬೇಕು. ಲುನ್ ಕಾವಲಿಟ್ಟದ್ದು ತಪ್ಪುಗಳ ಮೇಲೆ, ಕಳ್ಳರ ಮೇಲಲ್ಲ. ಸೂತ್ರ ಎಲ್ಲರಿಗೂ ತಿಳಿದದ್ದೇ ಆದ್ದರಿಂದ, ಬ್ಯಾಂಕಿನ ಮೊದಲ ಅಂಕಿಗಳು ಗೊತ್ತಿದ್ದವನು ಕಂಪ್ಯೂಟರಿನಲ್ಲಿ ಸಂಖ್ಯೆಗಳನ್ನು ರಾಶಿರಾಶಿ ತಯಾರಿಸಬಲ್ಲ. ಸರಾಸರಿ ಹತ್ತರಲ್ಲಿ ಒಂದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗೆ ಪಾಸಾದವುಗಳಲ್ಲಿ ಕೆಲವು ನಿಜವಾದ ಯಾರದೋ ಕಾರ್ಡುಗಳೇ ಆಗಿರುತ್ತವೆ. ಹೋಟೆಲಿನ ಮಾಣಿ, ಪೆಟ್ರೋಲ್ ಬಂಕಿನ ಹುಡುಗ, ಅಂಗಡಿಯ ಗುಮಾಸ್ತ, ಇವರೆಲ್ಲರ ಕಣ್ಣಿಗೂ ಬೀಳಲೆಂದೇ ಮುದ್ರಿಸಿದ ಸಂಖ್ಯೆಯನ್ನು ಗುಟ್ಟು ಎಂದು ಕರೆಯುವುದೇ ತಮಾಷೆ.

ಹಾಗಾದರೆ ಅವಧಿ ಮುಗಿಯುವ ತಿಂಗಳು, ಬೆನ್ನಿನ ಮೇಲಿನ ಮೂರು ಅಂಕಿಯ ಸಿವಿವಿ? ಕಾರ್ಡಿನ ಆಯುಸ್ಸು ಐದು ವರ್ಷ ಎಂದುಕೊಂಡರೆ ಸಾಧ್ಯತೆಗಳು 60 ತಿಂಗಳು. ಸಿವಿವಿಗೆ ಸಾಧ್ಯತೆಗಳು ಸಾವಿರ. ಎರಡನ್ನೂ ಒಟ್ಟಿಗೆ ಊಹಿಸಬೇಕಾದರೆ 60 ಗುಣಿಸು ಸಾವಿರ, ಅಂದರೆ 60,000 ಪ್ರಯತ್ನ. ಆದರೆ ಕೆಲವು ಅಂತರಜಾಲ ಅಂಗಡಿಗಳು ಸಿವಿವಿ ಕೇಳದೆ ತಿಂಗಳೊಂದನ್ನೇ ಕೇಳಿದರೆ? ಆಗ ಮೊದಲು 60 ಪ್ರಯತ್ನದಲ್ಲಿ ತಿಂಗಳು, ಆಮೇಲೆ ಬೇರೆ ಕಡೆ 1,000 ಪ್ರಯತ್ನದಲ್ಲಿ ಸಿವಿವಿ. ಗುಣಾಕಾರ ಹೋಗಿ ಸಂಕಲನ ಬಂತು. 60,000 ಇದ್ದದ್ದು 1,060ಕ್ಕೆ ಇಳಿಯಿತು. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಒಂದೇ ತಾಣದಲ್ಲಿ ಪದೇಪದೇ ತಪ್ಪಿದರೆ ಬಾಗಿಲು ಮುಚ್ಚುತ್ತದೆ; ಪ್ರಯತ್ನಗಳನ್ನು ನೂರಾರು ತಾಣಗಳಿಗೆ ಹಂಚಿದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ ಎಂದು ಅವರು ವರದಿ ಮಾಡಿದರು. ಮಾಸ್ಟರ್‌ಕಾರ್ಡಿನ ಜಾಲ ಅದನ್ನು ಬೇಗ ಗುರುತಿಸಿತು, ವೀಸಾ ಜಾಲ ಆಗ ಗುರುತಿಸಲಿಲ್ಲ.

ಆದ್ದರಿಂದ ಮೇಲೆ ಹೇಳಿದ ಮನೆಯಲ್ಲಿ ತಪ್ಪೆಲ್ಲ ಆ ಫೋಟೋದ್ದೇ ಎಂದು ಮಗಳ ಮೇಲೆ ಹಾರಿಬೀಳುವುದು ಸರಿಯಲ್ಲ. ಫೋಟೋ ಕಳಿಸಿದ್ದು ಕೆಟ್ಟ ಅಭ್ಯಾಸ, ನಿಜ. ಕಳಿಸದಿದ್ದವರ ಕಾರ್ಡಿಗೂ ಹೀಗಾಗುವುದುಂಟು.

ಒಟಿಪಿ ಯಾಕೆ ಬರಲಿಲ್ಲ ಎಂಬುದಕ್ಕೆ ಕಾರಣ ಬೇರೆ. ಕಾರ್ಡು ಎದುರಿಗಿಲ್ಲದ ಆನ್‌ಲೈನ್ ಖರೀದಿಗೆ ಇನ್ನೊಂದು ದೃಢೀಕರಣ ಬೇಕೇಬೇಕು ಎಂದು ನಮ್ಮ ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. ಆದರೆ ಎಷ್ಟೋ ವಿದೇಶಿ ಅಂಗಡಿಗಳು ಸಂಖ್ಯೆ, ತಿಂಗಳು, ಸಿವಿವಿ ಇಷ್ಟಕ್ಕೇ ತೃಪ್ತಿಪಟ್ಟು ಸಾಮಾನು ಕೊಡುತ್ತವೆ. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು. ಮೊದಲು ಬಂದ ಒಂದು ಡಾಲರು ಅವನ ಪರೀಕ್ಷೆ: ಕಾರ್ಡು ಜೀವಂತವಿದೆಯೆ ಎಂದು ನೋಡುವುದು. “ಹೋಗಲಿ ಬಿಡು, ಸಣ್ಣ ಮೊತ್ತ” ಎಂದು ಆ ಸಂದೇಶವನ್ನು ಕಡೆಗಣಿಸುವವರೇ ಹೆಚ್ಚು.

ಈಗ ಕ್ಯಾಲೆಂಡರಿಗೆ ಬರೋಣ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಕಾರ್ಡು ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ತಲುಪಿ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕ ಒಂದು ಪೈಸೆಯನ್ನೂ ಕಳೆದುಕೊಳ್ಳಬೇಕಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ಕೊಟ್ಟರೆ ನಷ್ಟಕ್ಕೊಂದು ಮಿತಿ: ಐದು ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ದೊಡ್ಡ ಕಾರ್ಡಿಗೆ 25,000 ರೂಪಾಯಿ. ಏಳು ದಿನ ಕಳೆದರೆ ಆಯಾ ಬ್ಯಾಂಕಿನ ನೀತಿಯಂತೆ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶುಕ್ರವಾರ ರಾತ್ರಿ ಸಂದೇಶ ಬಂದು, ಮಾರನೆಯ ದಿನ ಎರಡನೆಯ ಶನಿವಾರವಾಗಿದ್ದರೆ ಶನಿವಾರ, ಭಾನುವಾರ ಎರಡೂ ರಜೆ, ಬುಧವಾರದವರೆಗೆ ಕಾಲವಿದೆ. ಹಾಗೆಂದು ಬುಧವಾರದವರೆಗೆ ಕಾಯಬಾರದು. ಕಾರ್ಡು ತೆರೆದಿರುವಷ್ಟು ಹೊತ್ತೂ ಕಳ್ಳನಿಗೆ ಸುಗ್ಗಿ.

ಮೊದಲ ಕೆಲಸ ಕಾರ್ಡನ್ನು ಬ್ಲಾಕ್ ಮಾಡಿಸುವುದು. ಬ್ಯಾಂಕಿನ ಆಪಿನಲ್ಲಿ ಮಾಡಬಹುದು, ಇಲ್ಲವೆ ಕಾರ್ಡಿನ ಬೆನ್ನಿನ ಮೇಲೆ ಮುದ್ರಿಸಿರುವ ಸಂಖ್ಯೆಗೆ ಫೋನು ಮಾಡಬಹುದು. ಗಾಬರಿಯಲ್ಲಿ ಅಂತರಜಾಲದಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಲು ಹೋಗಬೇಡಿ. ಬ್ಯಾಂಕಿನ ಹೆಸರಿನಲ್ಲಿ ಕಳ್ಳರೇ ಬಿತ್ತಿದ ಸುಳ್ಳು ಸಂಖ್ಯೆಗಳು ಅಲ್ಲಿರುತ್ತವೆ. ನಾನೂರು ಡಾಲರು ಉಳಿಸಿಕೊಳ್ಳಲು ಹೋಗಿ ಖಾತೆಯನ್ನೇ ಕಳೆದುಕೊಂಡಂತಾಗುತ್ತದೆ. ಬ್ಲಾಕ್ ಆದಮೇಲೆ ದೂರಿನ ಸಂಖ್ಯೆಯನ್ನು ಕೇಳಿ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡಿ. ಫೋನಿನಲ್ಲಿ ಹೇಳಿದ್ದನ್ನೇ ಇ-ಮೇಲಿನಲ್ಲೋ ಶಾಖೆಯಲ್ಲಿ ಲಿಖಿತವಾಗಿಯೋ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಸಾಕ್ಷಿಯಿರುವುದಿಲ್ಲ. ಜೊತೆಗೆ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೂ ದೂರು ಕೊಡಿ.

ಆಮೇಲೆ ನಡೆಯುವುದು ‘ಚಾರ್ಜ್‌ಬ್ಯಾಕ್’ ಎಂಬ ಪ್ರಕ್ರಿಯೆ. ಗ್ರಾಹಕನ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡಿನಂಥ ಜಾಲದ ಮೂಲಕ ಅಂಗಡಿಯ ಬ್ಯಾಂಕನ್ನು ಕೇಳುತ್ತದೆ: ಈ ಖರೀದಿ ನಿಜವೆ, ಪುರಾವೆ ತೋರಿಸಿ. ತೋರಿಸಲಾಗದಿದ್ದರೆ ಹಣ ಹಿಂದಕ್ಕೆ. ಇದು ನಡೆಯುವಷ್ಟು ಕಾಲ ಗ್ರಾಹಕ ಕೈಕಟ್ಟಿ ನರಳಬೇಕಿಲ್ಲ. ಅದೇ ಸುತ್ತೋಲೆಯ ಪ್ರಕಾರ ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಶಾಖೆಯ ಕೌಂಟರಿನಲ್ಲಿ “ಒಟಿಪಿ ಹೇಳಿರ್ತೀರ ಬಿಡಿ ಸಾರ್” ಎಂದು ಸಾಗಹಾಕುವವರಿಗೆ ಈ ಒಂದು ವಾಕ್ಯವನ್ನು ನೆನಪಿಸಿದರೆ ಸಾಕು. ಮೋಸವೆಂದು ತಕರಾರು ಹಾಕಿದ ಮೊತ್ತದ ಮೇಲೆ, ತಕರಾರು ಮುಗಿಯುವವರೆಗೆ ಯಾವ ಶುಲ್ಕವನ್ನೂ ಹೇರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನ ಹೇಳಿತು. ಬಿಲ್ಲಿನ ಉಳಿದ ಭಾಗವನ್ನು ಮಾತ್ರ ತಪ್ಪದೆ ಕಟ್ಟಿ. ಮೂವತ್ತು ದಿನವಾದರೂ ಬ್ಯಾಂಕಿನಿಂದ ಉತ್ತರವಿಲ್ಲದಿದ್ದರೆ ಅಥವಾ ಬಂದ ಉತ್ತರ ಸರಿಕಾಣದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ದೂರಿಗೆ ಶುಲ್ಕವಿಲ್ಲ.

ಮಕ್ಕಳೇ ಮೋಸಹೋಗಿ ಒಟಿಪಿ ಹೇಳಿಬಿಟ್ಟಿದ್ದರೆ ಕಥೆ ಬೇರೆ. ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದೇ. ತಿಳಿಸಿದ ಮೇಲೆ ಆಗುವ ನಷ್ಟ ಮಾತ್ರ ಬ್ಯಾಂಕಿನದು. ಅಂದರೆ ಇಲ್ಲಿ ದಿನಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ. ಇಂಥ ಹೊತ್ತಿನಲ್ಲೇ ಹದಿನೇಳರ ಹುಡುಗ ಅಪ್ಪನ ಬೈಗುಳಕ್ಕೆ ಹೆದರಿ ಎರಡು ದಿನ ಬಾಯಿಬಿಡದೆ ಕೂರುತ್ತಾನೆ. ಆ ಎರಡು ದಿನದ ಬೆಲೆ ಎಷ್ಟೆಂಬುದು ಅವನಿಗೆ ಗೊತ್ತಿರುವುದಿಲ್ಲ. ಇಂಥದ್ದೇನಾದರೂ ಆದರೆ ಮೊದಲು ಬ್ಯಾಂಕಿಗೆ ಫೋನು, ಬೈಯುವುದೇನಿದ್ದರೂ ನಾಳೆ ಎಂದು ಹೆತ್ತವರು ಇವತ್ತೇ ಊಟದ ಹೊತ್ತಿನಲ್ಲಿ ಹೇಳಿಟ್ಟರೆ ಒಳ್ಳೆಯದು. ಮರುದಿನಕ್ಕೆ ಸಿಟ್ಟು ಅರ್ಧ ಇಳಿದಿರುತ್ತದೆ ಎಂಬುದು ಬೇರೆ ಮಾತು.

ಸಂಖ್ಯೆ ಗುಟ್ಟಲ್ಲ ಎಂದಮೇಲೆ ಬೀಗ ಹಾಕುವುದೆಲ್ಲಿ? ಅದಕ್ಕೂ ದಾರಿಯಿದೆ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಯಂತ್ರಕ್ಕೆ ತಾಗಿಸಿ ಹಣ ಕೊಡುವುದು, ಇವನ್ನು ಗ್ರಾಹಕನೇ ತೆರೆದು ಮುಚ್ಚುವಂತೆ ಸ್ವಿಚ್ಚುಗಳಿರಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ಆದೇಶಿಸಿತು. ಪ್ರತಿಯೊಂದಕ್ಕೂ ಮೊತ್ತದ ಮಿತಿಯನ್ನೂ ಇಡಬಹುದು. ವಿದೇಶಕ್ಕೆ ಹೋಗದ, ವಿದೇಶದಿಂದ ಏನನ್ನೂ ತರಿಸದ ಮನೆಯಲ್ಲಿ ಆ ವಿದೇಶಿ ಸ್ವಿಚ್ಚು ತೆರೆದಿರುವುದೇಕೆ? ಮೇಲಿನ ನಾನೂರು ಡಾಲರು ಅಲ್ಲಿಯೇ ನಿಲ್ಲುತ್ತಿತ್ತು. ಆನ್‌ಲೈನ್ ಶುಲ್ಕಕ್ಕೆ ಡೆಬಿಟ್ ಕಾರ್ಡಿಗಿಂತ ಸಣ್ಣ ಮಿತಿಯ ಕ್ರೆಡಿಟ್ ಕಾರ್ಡು ವಾಸಿ. ಡೆಬಿಟ್ಟಿನಲ್ಲಿ ಹೋಗುವುದು ಖಾತೆಯಲ್ಲಿರುವ ಸ್ವಂತ ಹಣ, ಕ್ರೆಡಿಟ್ಟಿನಲ್ಲಿ ಇನ್ನೂ ಕಟ್ಟಬೇಕಾದ ಬಿಲ್ಲು. ಸೈಬರ್ ಸೆಂಟರಿಗೆ ಹೋಗಲೇಬೇಕಾದರೆ ಅರ್ಜಿಯನ್ನು ಅಲ್ಲಿ ತುಂಬಿಸಿ, ಹಣವನ್ನು ಮನೆಯ ಮೊಬೈಲಿನಿಂದ ಕಟ್ಟಿ. ಸಿವಿವಿಯನ್ನು ಎಲ್ಲೋ ಬರೆದಿಟ್ಟುಕೊಂಡು ಕಾರ್ಡಿನ ಮೇಲೆ ಚೀಟಿ ಅಂಟಿಸುವವರಿದ್ದಾರೆ. ನಗಬೇಡಿ, ಅದು ಜಾಣತನವೇ.

ಬ್ಲಾಕ್ ಮಾಡಿಸಿದ ಮೇಲೆ ಬರುವ ಹೊಸ ಕಾರ್ಡಿಗೆ ಹೊಸ ಸಂಖ್ಯೆಯಿರುತ್ತದೆ. ಹಳೆಯ ಸಂಖ್ಯೆಯಿಂದ ತಾನಾಗಿಯೇ ಕಟ್ಟಿಕೊಳ್ಳುತ್ತಿದ್ದ ವಿದ್ಯುತ್ ಬಿಲ್ಲು, ವಿಮೆಯ ಕಂತುಗಳಿದ್ದರೆ ಅವಕ್ಕೆ ಹೊಸದನ್ನು ಕೊಡಬೇಕು. ಹಳೆಯ ಕಾರ್ಡನ್ನು ಡ್ರಾಯರಿನಲ್ಲಿ ಎಸೆಯದೆ ಕತ್ತರಿಸಿಹಾಕಿ. ಕತ್ತರಿ ಚಿಪ್ಪಿನ ಮೇಲೂ ಹಾಯಬೇಕು, ಬೆನ್ನಿನ ಕಪ್ಪು ಪಟ್ಟಿಯ ಮೇಲೂ ಹಾಯಬೇಕು, ಆ ಹದಿನಾರು ಅಂಕಿಗಳ ನಡುವೆಯೂ ಹಾಯಬೇಕು.