ಫೋನಿಗೂ ಲಸಿಕೆ ಬೇಕು



ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಊರಿಗೆ ಬಂದರೆ, ಹಸು ಚೆನ್ನಾಗಿದ್ದರೂ ನಾವು ಹಾಕಿಸುತ್ತೇವೆ. ರೋಗ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ ಎಂದು ನಮಗೆ ಗೊತ್ತು. ಆದರೆ ಹಾಲಿನ ಬಟವಾಡೆ, ಪ್ರೋತ್ಸಾಹಧನ, ಸಾಲದ ಕಂತು ಎಲ್ಲದರ ಸಂದೇಶ ಬರುವ ಫೋನಿನ ಬಗ್ಗೆ ನಮಗೆ ಅಷ್ಟು ಎಚ್ಚರವಿಲ್ಲ.

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿತು. ಒಳಗಿದ್ದ ದಾಖಲೆಗಳಿಗೆಲ್ಲ ಬೀಗ ಜಡಿದು, ತೆಗೆಯಲು ಹಣ ಕೇಳಿತು. ಇಂಥದ್ದನ್ನು ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆ ರದ್ದಾದವು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು, ಆಮೇಲೆ ನೋಡೋಣ ಎಂದವರು ಸಿಕ್ಕಿಬಿದ್ದರು.

ನಮ್ಮ ಊರಿಗೆ ಈ ಕಾಟ ಬೇರೆ ವೇಷದಲ್ಲಿ ಬರುತ್ತದೆ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಪಟ್ಟಿ, ಗಾಡಿಯ ದಂಡ, ಬ್ಯಾಂಕಿನ ಕೆವೈಸಿ ಎಂದು ವಾಟ್ಸ್‌ಆ್ಯಪ್‌ಗೆ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ, ಮೆಸೇಜ್ ಓದಲು ಒಪ್ಪಿಗೆ ಕೊಟ್ಟರೆ ನಮ್ಮ ಒಟಿಪಿ ಕಳ್ಳರ ಕೈ ಸೇರುತ್ತದೆ. ಕೆಲವು ಫೋನಿನ ಪರದೆಗೇ ಬೀಗ ಹಾಕಿ ದುಡ್ಡು ಕೇಳುತ್ತವೆ. ನಂಟರ ನಂಬರಿನಿಂದ ಬಂದರೂ ಒತ್ತಬೇಡಿ. ಅವರ ಫೋನಿಗೆ ಮೊದಲೇ ಈ ರೋಗ ತಗುಲಿರಬಹುದು.

ಹಾಗಾದರೆ ಫೋನಿನ ಲಸಿಕೆ ಯಾವುದು? ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿ. ಫೋನ್ ಅಪ್‌ಡೇಟ್ ಕೇಳಿದಾಗ ಮುಂದೂಡಬೇಡಿ. ಪಾಸ್‌ಬುಕ್ಕಿನ ಮೊದಲ ಪುಟ, ರಾಸಿನ ವಿಮೆ ಪತ್ರ, ಕಿವಿಯೋಲೆಯ 12 ಅಂಕಿ, ಬೇಕಾದವರ ನಂಬರು, ಇವನ್ನು ಕಾಗದದ ಮೇಲೂ ಬರೆದು ಪೆಟ್ಟಿಗೆಯಲ್ಲಿಡಿ. ಇನ್ನೊಂದು ಪ್ರತಿ ಇದ್ದವರನ್ನು ಬೀಗ ಹಾಕಿ ಹೆದರಿಸಲು ಆಗುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು ಮಾತು. ತಪ್ಪಿ ಒತ್ತಿದ ಹೆಣ್ಣುಮಗಳು ಮೊದಲು ಹೆದರುವುದು ಕಳ್ಳನಿಗಲ್ಲ, ಮನೆಯವರ ಬೈಗುಳಕ್ಕೆ. 'ನಿನಗ್ಯಾಕೆ ಬೇಕಿತ್ತು ಫೋನು' ಎಂಬ ಮಾತಿಗೆ ಅಂಜಿ ಸುಮ್ಮನಾಗುತ್ತಾಳೆ. ಆ ಸುಮ್ಮನಿರುವ ಹೊತ್ತಿನಲ್ಲೇ ಖಾತೆ ಖಾಲಿಯಾಗುತ್ತದೆ. ಕೆಲವು ಮನೆಗಳಲ್ಲಿ ಆಮೇಲೆ ಫೋನೂ ಅವಳ ಕೈ ತಪ್ಪುತ್ತದೆ, ಹಾಲಿನ ದುಡ್ಡಿನ ಲೆಕ್ಕವೂ ತಪ್ಪುತ್ತದೆ. ಬೆಳಗಿನ ಜಾವ ಎದ್ದು ಕರೆದ ಹಾಲಿನ ದುಡ್ಡದು.

ಕೆಚ್ಚಲು ಬಾವು ಬಂದರೆ ಹಸುವನ್ನು ಬೈಯುತ್ತೇವೆಯೇ? ಅದೇ ದಿನ ಡಾಕ್ಟರನ್ನು ಕರೆಯುತ್ತೇವೆ. ಇಲ್ಲೂ ಅಷ್ಟೇ. ಕೂಡಲೇ ಫೋನಿನ ಇಂಟರ್ನೆಟ್ ಬಂದ್ ಮಾಡಿ. ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು. ಬೀಗ ಹಾಕಿದವರಿಗೆ ದುಡ್ಡು ಕಟ್ಟಬೇಡಿ. ಕಟ್ಟಿದರೂ ತೆಗೆಯುತ್ತಾರೆಂಬ ಖಾತರಿಯಿಲ್ಲ.

ಮುಂದಿನ ಸಂಘದ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಕೊಡಿ. ಡೇರಿಯಲ್ಲಿ ಹಾಲಿನ ದರ ಬರೆಯುವ ಬೋರ್ಡಿನ ಮೇಲೆ 1930 ಎಂದೂ ಬರೆಸಿ. ಮೋಸ ಹೋದವಳು ತಪ್ಪಿತಸ್ಥಳಲ್ಲ. ಅವಳು ಬಾಯಿಬಿಟ್ಟು ಹೇಳಿದರೆ ಹತ್ತು ಮನೆ ಉಳಿಯುತ್ತವೆ.