ಔತಣದ ತಟ್ಟೆಯಲ್ಲಿ ನಮ್ಮ ಕಿರುಧಾನ್ಯ



ಹೊರದೇಶದ ನಾಯಕರಿಗೆ ಸರ್ಕಾರ ನೀಡುವ ಔತಣ ಬರಿಯ ಊಟವಲ್ಲ. ನಮ್ಮ ನೆಲ ಎಂಥದು, ನಾವು ಯಾವುದನ್ನು ಹೆಮ್ಮೆಯಿಂದ ಉಣ್ಣುತ್ತೇವೆ ಎಂಬುದನ್ನು ಅಲ್ಲಿ ಬಡಿಸುವ ಪದಾರ್ಥಗಳೇ ಹೇಳುತ್ತವೆ. ಇದು ದೆಹಲಿಯ ವಿಷಯ, ನಮಗೇಕೆ ಎನ್ನಬೇಡಿ. ಆ ತಟ್ಟೆಗೆ ಹೋಗುವುದು ಹೊಲದ ಬೆಳೆಯೇ.

2023ರ ಸೆಪ್ಟೆಂಬರ್ 9ರಂದು ಜಿ-20 ಶೃಂಗಸಭೆಯ ಅತಿಥಿಗಳಿಗೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ನವದೆಹಲಿಯಲ್ಲಿ ಸಸ್ಯಾಹಾರದ ಔತಣ ನೀಡಿದರು. ಮೊದಲು ಮೊಸರು, ಚಟ್ನಿಯೊಡನೆ ನವಣೆಯ ಗರಿಗರಿ ತಿನಿಸು. ನಡುವೆ ಹಲಸು, ಅಣಬೆ, ಕೇರಳದ ಕೆಂಪಕ್ಕಿಯ ಜೊತೆಗೆ ಸಾಮೆ. ಕೊನೆಗೆ ಏಲಕ್ಕಿ ಹಾಕಿದ ಊದಲಿನ ಸಿಹಿ. ಅದೇ ವರ್ಷ ಜೂನ್ 22ರಂದು ಅಮೆರಿಕದ ಶ್ವೇತಭವನದಲ್ಲಿ ನಮ್ಮ ಪ್ರಧಾನಿಯವರಿಗೆ ನೀಡಿದ ಔತಣದಲ್ಲೂ ಕಿರುಧಾನ್ಯ ಮತ್ತು ಮೆಕ್ಕೆಜೋಳದ ಸಲಾಡ್ ಇತ್ತು. ಅತಿಥಿಯ ನಾಡಿನ ಧಾನ್ಯವನ್ನು ಅತಿಥಿಗೇ ಬಡಿಸುವುದು ಸ್ನೇಹ ತೋರುವ ಒಂದು ರೀತಿ. 2023 ಅಂತರರಾಷ್ಟ್ರೀಯ ಕಿರುಧಾನ್ಯ ವರ್ಷವೂ ಆಗಿತ್ತು. ಭಾರತ ಮುಂದಿಟ್ಟ ಆ ಸಲಹೆಯನ್ನು 72 ರಾಷ್ಟ್ರಗಳು ಬೆಂಬಲಿಸಿದ್ದವು.

ಇದರಿಂದ ಆದ ಲಾಭವನ್ನು ಅಲ್ಲಗಳೆಯಲಾಗದು. ಬಹುಕಾಲ 'ಒರಟು ಧಾನ್ಯ' ಎನಿಸಿಕೊಂಡು ಬಡವರ ಊಟವೆಂದು ಮೂಲೆಗೆ ಬಿದ್ದಿದ್ದ ಬೆಳೆಗೆ ಮರ್ಯಾದೆ ದೊರೆಯಿತು. ಆದರೆ ಒಂದು ರಾತ್ರಿಯ ಮರ್ಯಾದೆಯಿಂದ ರೈತನ ಕಣಜ ತುಂಬುವುದಿಲ್ಲ. ಅದೇ 2023ರಲ್ಲಿ ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿ ಇದ್ದವು. ಔತಣದಲ್ಲಿ ಮೆರೆದ ನವಣೆ, ಸಾಮೆ, ಊದಲುಗಳ ಹೆಸರಿನಲ್ಲಿ ಬೆಲೆ ಇರಲಿಲ್ಲ.

ಇನ್ನೊಂದು ತೊಡಕು ಸಂಸ್ಕರಣೆಯದು. ರಾಗಿಯನ್ನು ನೇರವಾಗಿ ಬೀಸಬಹುದು. ನವಣೆ, ಸಾಮೆ, ಊದಲುಗಳಿಗೆ ಗಟ್ಟಿ ಸಿಪ್ಪೆಯಿದೆ. ಅದನ್ನು ಬಿಡಿಸಲು ಒರಳು-ಒನಕೆ ಹಿಡಿದು ದಣಿದವರು ನಮ್ಮ ಹೆಣ್ಣುಮಕ್ಕಳು. ಅಕ್ಕಿ ಸುಲಭವಾಗಿ ಸಿಕ್ಕಾಗ ಅವರು ಒನಕೆ ಕೆಳಗಿಟ್ಟರೆ ತಪ್ಪೇನು? ಸಿಪ್ಪೆ ಬಿಡಿಸುವ ಯಂತ್ರ ಹತ್ತಿರದಲ್ಲಿಲ್ಲದ ಊರಿನಲ್ಲಿ ಈ ಬೆಳೆ ಮತ್ತೆ ಮನೆಯ ಊಟವಾಗದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ರಾಷ್ಟ್ರದ ಆಹಾರವೆಂದು ಹೊರಗಿನವರಿಗೆ ತೋರಿಸುವ ಧಾನ್ಯಕ್ಕೆ ನ್ಯಾಯವಾದ ಬೆಲೆಯನ್ನೂ ಹಳ್ಳಿಗಳ ಗುಂಪಿಗೊಂದು ಸಿಪ್ಪೆ ಬಿಡಿಸುವ ಯಂತ್ರವನ್ನೂ ಒದಗಿಸುವುದು ಸರ್ಕಾರದ ಹೊಣೆ. ನೀವೂ ಒಬ್ಬೊಬ್ಬರಾಗಿ ದಲ್ಲಾಳಿಗೆ ಮಾರದೆ ಸಂಘ ಕಟ್ಟಿ, ಕಾಳನ್ನು ಒಟ್ಟುಗೂಡಿಸಿ, ಅಕ್ಕಿ ಮಾಡಿಸಿ ಮಾರಿರಿ. ಸಿಪ್ಪೆಯಿರುವ ಕಾಳು ಬಹುಕಾಲ ಕೆಡದು, ಅಕ್ಕಿ ಬೇಗ ಮುಗ್ಗುತ್ತದೆ. ಬೇಡಿಕೆ ಬಂದಷ್ಟನ್ನೇ ಮಾಡಿಸಿರಿ. ಎಲ್ಲಕ್ಕಿಂತ ಮೊದಲು ಒಂದು ಪಾಲನ್ನು ಮನೆಗೆ ಇಟ್ಟುಕೊಳ್ಳಿರಿ. ಬೆಳೆದವನೇ ಉಣ್ಣದ ಧಾನ್ಯವನ್ನು ನಾಡಿನ ಆಹಾರವೆಂದು ಅತಿಥಿಗೆ ಹೇಗೆ ಬಡಿಸುವುದು?